ಚೇರ್ಮನ್ನರದೇ ತಕರಾರು

ನಮ್ಮ ಬೀದಿಯನ್ನು ಹೊಸದಾಗಿ ಕಟ್ಟುವ ಯೋಜನೆಗೆ ಅಂಗಡಿಯವರ ಒಂದು ಕಮಿಟಿ ಬೇಕಾಯಿತು, ಕಮಿಟಿಗೊಬ್ಬ ಚೇರ್ಮನ್ ಬೇಕಾಯಿತು, ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೇಡ ಎನ್ನಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಯ ಹೋಟೆಲಿಗೆ ಸೇರಿದವನು ನಾನು. ಅಲ್ಲಿಂದ ಅಡಿಗೆಯವನ ವೀಸಾದ ಮೇಲೆ ಮೆಲ್ಬರ್ನಿಗೆ, ಮೆಲ್ಬರ್ನಿನಿಂದ ಸಿಡ್ನಿಗೆ ಬಂದು, ಪ್ಯಾರಮಟ್ಟಾದಿಂದ ರೈಲಿನಲ್ಲಿ ಸ್ವಲ್ಪವೇ ದೂರದ ಒಂದು ಸಬರ್ಬಿನ ಮುಖ್ಯ ಬೀದಿಯಲ್ಲಿ, ಸ್ವಂತ ಕಟ್ಟಡದಲ್ಲಿ ದೋಸೆ ಹೋಟೆಲು ನಡೆಸುತ್ತಿದ್ದೇನೆ. ಆ ಬೀದಿ ಹೇಗಿರಬೇಕು ಎಂದು ಹೇಳುವ ಯೋಗ್ಯತೆ ನನಗಿದೆ ಎಂದೇ ನಂಬಿದ್ದೆ. ಈಗಲೂ ನಂಬುತ್ತೇನೆ.

ಯೋಜನೆಯ ತರ್ಕ ಸರಳವಾಗಿತ್ತು. ಬೀದಿ ಚಂದವಾದರೆ ಕಟ್ಟಡಗಳ ಬೆಲೆ ಏರುತ್ತದೆ, ಬೆಲೆ ಏರಿದರೆ ಕೌನ್ಸಿಲ್ಲಿಗೆ, ಅಂದರೆ ಇಲ್ಲಿಯ ನಗರಸಭೆಗೆ, ಬರುವ ತೆರಿಗೆಯೂ ಏರುತ್ತದೆ. ಮುಂದೆ ಹಾಗೆ ಏರುವ ಪಾಲನ್ನು ಬೇರೆಲ್ಲೂ ಖರ್ಚು ಮಾಡದೆ ಈ ಬೀದಿಗೇ ಮೀಸಲಿಡುವುದು. ಅದನ್ನು ನೆಚ್ಚಿ ಇವತ್ತೇ ಸಾಲ ತೆಗೆದು ಕೆಲಸ ಶುರು ಮಾಡುವುದು. ಕೌನ್ಸಿಲ್ಲಿನ ಯೋಜನಾಧಿಕಾರಿ, ಎತ್ತರದ ನಿಲುವಿನ ಆಸ್ಟ್ರೇಲಿಯನ್ ಹೆಂಗಸು, ಇದನ್ನು ಪರದೆಯ ಮೇಲೆ ಬಾಣದ ಗುರುತುಗಳನ್ನು ಎಳೆದು ತೋರಿಸಿದರು. ನಾನು ಮನೆಗೆ ಬಂದು ಹೆಂಡತಿಗೆ ವಿವರಿಸಿದೆ.

“ಅಂದ್ರೆ ಇನ್ನೂ ಕರು ಹಾಕದ ಎಮ್ಮೆಯ ಹಾಲಿಗೆ ಇವತ್ತೇ ಹೆಪ್ಪು ಹಾಕುದು,” ಅಂದಳು.

“ಎಮ್ಮೆ ಗಬ್ಬ ಆಗಿದೆ ಮಾರಾಯ್ತಿ. ಸ್ಟೇಷನ್ ಪಕ್ಕದ ಬೀದಿ. ಕರು ಹಾಕಿಯೇ ಹಾಕ್ತದೆ.”

“ಹಾಕ್ಲಿ. ಅಲ್ಲಿವರೆಗೆ ಹುಲ್ಲು ಹಾಕುದು ಯಾರು?”

ಉತ್ತರ ಹೊಳೆಯದಿದ್ದರೆ ನಾನು ಸಾಮಾನ್ಯವಾಗಿ ಕಾಫಿ ಕೇಳುತ್ತೇನೆ. ಕಾಫಿ ಕೇಳಿದೆ.

ಯೋಜನೆ ಒಪ್ಪಿಗೆಯಾಗುವ ಬಗೆ ಹೀಗೆ: ಬೀದಿಯ ಎಲ್ಲ ಅಂಗಡಿಗೂ ಕೌನ್ಸಿಲ್ಲಿನಿಂದ ಕಾಗದ ಬರುತ್ತದೆ. ತಕರಾರು ಇದ್ದವರು ಕಡೆಯ ದಿನದೊಳಗೆ ಬರೆದು ಕೊಡಬೇಕು. ಬರೆಯದೆ ಸುಮ್ಮನಿದ್ದವರನ್ನು ಒಪ್ಪಿದವರೆಂದು ಎಣಿಸುತ್ತಾರೆ. ಅರ್ಧಕ್ಕಿಂತ ಹೆಚ್ಚು ಮಂದಿ ಬೇಡವೆಂದು ಬರೆದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಕಾಗದ ಬಂದ ವಾರ ನಾನು ಒಂದೊಂದೇ ಅಂಗಡಿಗೆ ಹೋಗಿ ಮಾತಾಡಿಸಿದೆ. ಎಲ್ಲರೂ ಕೂರಿಸಿ ಚಹಾ ಕೊಟ್ಟರು. ಸ್ವೀಟ್ಸ್ ಅಂಗಡಿಯ ಹೆಂಗಸು, “ನೀವು ಮಾಡಿ ಅಂಕಲ್, ಒಳ್ಳೇದಾಗ್ಲಿ,” ಎಂದರು. ಸೀರೆ ಅಂಗಡಿಯ ಗುಜರಾತಿಯವರು ಹಿಂದಿಯಲ್ಲಿ, “ದೇಖ್ತೇ ಹೈ, ಭಾಯಿ ಸಾಬ್,” ಎಂದು ಸಕ್ಕರೆ ಇನ್ನೊಂದು ಚಮಚ ಹಾಕಿದರು. ನನ್ನ ಎದುರಿನ ದಿನಸಿ ಅಂಗಡಿಯವನು ಮಂಡ್ಯದ ಕಡೆಯವನು, ಚಾಟ್ಸ್‌ವುಡ್ಡಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದು, ಅದು ಸಾಕೆನಿಸಿ, ಕಟ್ಟಡ ಬಾಡಿಗೆಗೆ ಹಿಡಿದು ಅಕ್ಕಿಬೇಳೆ ಮಾರಲು ಕೂತವನು. ನಾನವನನ್ನು ಇಂಜಿನಿಯರ್ ಎಂದೇ ಕರೆಯುವುದು. ಅವನು ಕಾಗದವನ್ನು ಮಡಚಿ ಗಲ್ಲಾಪೆಟ್ಟಿಗೆಯ ಕೆಳಗಿಟ್ಟು, “ನೋಡಣ ಅಣ್ಣ, ಮಾಡಣ,” ಅಂದ.

ದಿನ ಕಳೆದರೂ ತಕರಾರು ಬರಲಿಲ್ಲ. “ಇಡೀ ಬೀದಿ ನಿಮ್ಮ ಬೆನ್ನಿಗಿದೆ,” ಎಂದು ಅಧಿಕಾರಿ ಫೋನಿನಲ್ಲಿ ಹಿಗ್ಗಿದರು. ನಾನೂ ಹಿಗ್ಗಿದೆ.

ಕಡೆಯ ದಿನಕ್ಕೆ ಇನ್ನೂ ಒಂದು ವಾರವಿರುವಾಗ ಕಮಿಟಿಯವರನ್ನು ಮೆಲ್ಬರ್ನಿಗೆ ಕರೆದುಕೊಂಡು ಹೋದರು, ಹೀಗೆಯೇ ಹೊಸದಾಗಿ ಕಟ್ಟಿದ ಒಂದು ಬೀದಿ ತೋರಿಸಲು. ಕಮಿಟಿಯಲ್ಲಿದ್ದರೂ ಇಂಜಿನಿಯರ್ ಮಾತ್ರ, ಅಂಗಡಿ ನೋಡಿಕೊಳ್ಳಲು ಯಾರೂ ಇಲ್ಲವೆಂದು ನೆಪ ಹೇಳಿ ಉಳಿದುಕೊಂಡ. ಬಸ್ಸಿನಿಂದ ಇಳಿದು ನೋಡಿದರೆ, ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಅಡಿಗೆ ಮಾಡುತ್ತಿದ್ದ ಬೀದಿಯೇ ಅದು! ಚಂದವಾಗಿತ್ತು, ಇಲ್ಲವೆನ್ನಬಾರದು. ಅಗಲವಾದ ಫುಟ್‌ಪಾತು, ಎರಡೂ ಬದಿ ಮರ, ಮರದ ಕೆಳಗೆ ಬೆಂಚು, ಬೆಂಚಿನ ಮೇಲೆ ಕಾಫಿ ಕುಡಿಯುವ ಜನ. ಉಳಿದವರು ಫೋಟೋ ತೆಗೆಯುತ್ತಿದ್ದರು. ನಾನು ಹಳೆಯವರನ್ನು ಹುಡುಕುತ್ತ ಹೊರಟೆ. ನನ್ನ ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುತ್ತಿದ್ದ ವಿಯೆಟ್ನಾಮಿನ ದರ್ಜಿಯಿಲ್ಲ. ಚಪ್ಪಲಿ ರಿಪೇರಿಯ ಗ್ರೀಕ್ ಅಜ್ಜನಿಲ್ಲ. ನಾನು ಕೆಲಸ ಮಾಡಿದ ಹೋಟೆಲಿನ ಜಾಗದಲ್ಲಿ ಯೋಗದ ಚಾಪೆ ಮಾರುತ್ತಿದ್ದರು. ಉಳಿದಿದ್ದದ್ದು ಔಷಧಿ ಅಂಗಡಿಯೊಂದೇ.

ಆ ಅಂಗಡಿಯ ಮುದುಕರಿಗೆ ನನ್ನ ಗುರುತು ಸಿಕ್ಕಿತು. ಉಳಿದವರೆಲ್ಲ ಎಲ್ಲಿ ಎಂದು ಕೇಳಿದೆ.

“ನನ್ನದು ಸ್ವಂತ ಕಟ್ಟಡ. ಕೂತೆ, ಕಾದೆ,” ಎಂದರು. “ಬಾಡಿಗೆಯವರು ಧೂಳು ಇರುವಷ್ಟು ದಿನ ಇದ್ದರು. ಮರ ನೆಡುವ ಹೊತ್ತಿಗೆ ಹೋದರು.”

ವಾಪಸ್ಸು ಬರುವಾಗ ವಿಮಾನದಲ್ಲಿ ಮುಂಬಯಿಯ ಹೋಟೆಲು ನೆನಪಾಯಿತು. ನಮ್ಮ ಹೋಟೆಲು ಕಸುಬಿನಲ್ಲಿ ಒಂದು ಪದ್ಧತಿಯಿದೆ. ಊಟ ಹೇಗಿತ್ತು ಎಂದು ಗಿರಾಕಿಯನ್ನು ಕೇಳಿದರೆ ಚೆನ್ನಾಗಿತ್ತು ಎಂದೇ ಹೇಳುತ್ತಾನೆ, ನಮ್ಮವರು ಮುಖಕ್ಕೆ ಬೇರೆ ಹೇಳುವುದಿಲ್ಲ. ಅದಕ್ಕೇ ಮುಂಬಯಿಯ ನನ್ನ ಧಣಿಗಳು ಗಿರಾಕಿಯನ್ನು ಕೇಳುತ್ತಲೇ ಇರಲಿಲ್ಲ. ತಟ್ಟೆ ತೊಳೆಯುವ ಜಾಗದಲ್ಲಿ ನಿಂತು ಯಾವ ಪಲ್ಯ ಉಳಿದು ಬಂತು ಎಂದು ನೋಡುತ್ತಿದ್ದರು. ಅಷ್ಟು ವರ್ಷ ಅದೇ ಕಸುಬು ಮಾಡಿದವನು, ಬೀದಿಯ ವಿಷಯ ಬಂದಾಗ ಚಹಾ ಕುಡಿದು ಬಾಯಿಮಾತು ಕೇಳಿಕೊಂಡು ಬಂದಿದ್ದೆ.

ಮರುದಿನ ಬೆಳಿಗ್ಗೆ ಇಂಜಿನಿಯರನ ಅಂಗಡಿಗೆ ಹೋದೆ. ಏನನ್ನೂ ಕೇಳದೆ ಸುಮ್ಮನೆ ಒಂದು ಸುತ್ತು ಬಂದೆ. ಎಲ್ಲ ಸಾಮಾನೂ ಮುಂದುಗಡೆ ಜೋಡಿಸಿಟ್ಟಿತ್ತು. ಒಂದು ಪೊಟ್ಟಣ ಸರಿಸಿದರೆ ಹಿಂದೆ ಬರೀ ಹಲಗೆ.

“ಎಂತ ಇಂಜಿನಿಯರೇ, ಎಲ್ಲ ಒಂದೇ ಸಾಲು?”

“ಕಂಟೇನರ್ ಲೇಟು ಕಣಣ್ಣ.”

“ಕಂಟೇನರ್ ಲೇಟಾದ್ರೆ ಒಂದು ಉಂಟು ಒಂದು ಇಲ್ಲ ಅಂತ ಆಗ್ತದೆ. ಇಲ್ಲಿ ಎಲ್ಲ ಉಂಟು, ಯಾವುದರ ಹಿಂದೆಯೂ ಎಂತದೂ ಇಲ್ಲ. ಇದು ಖಾಲಿ ಮಾಡುವವನ ಅಂಗಡಿ.”

ಅವನು ಗಿರಾಕಿಯೊಬ್ಬಳಿಗೆ ಚಿಲ್ಲರೆ ಕೊಟ್ಟು ಕಳಿಸಿ, ಬಾಗಿಲ ಕಡೆ ಒಮ್ಮೆ ನೋಡಿದ.

“ಲೀಸ್ ಮುಗೀತಾ ಬಂತು ಅಣ್ಣ. ಓನರ್ ಹೊಸದು ಬರ್ಕೊಡಲ್ಲ. ಬೀದಿ ಆಗ್ಲಿ, ಆಮೇಲೆ ಮಾತಾಡಣ ಅಂತಾನೆ. ಆಮೇಲೆ ಅಂದ್ರೆ ಗೊತ್ತಲ್ಲ? ಟ್ಯಾಕ್ಸ್ ಏರಿದ್ದೂ ನನ್ನ ರೆಂಟ್ ಮೇಲೆ, ಬೀದಿ ಚಂದ ಆಗಿದ್ದೂ ನನ್ನ ರೆಂಟ್ ಮೇಲೆ. ಕೆಲಸ ನಡೆಯೋವಾಗ ಫೆನ್ಸ್ ಒಳಗೆ ನೊಣ ಹೊಡ್ಕಂಡು ಕೂತ್ಕೊಳೋನು ನಾನು, ಹೊಸ ಫುಟ್‌ಪಾತಲ್ಲಿ ಅಂಗಡಿ ತೆಗೆಯೋನು ಇನ್ಯಾವನೋ.”

“ಮತ್ತೆ ತಕರಾರು ಯಾಕೆ ಬರೀಲಿಲ್ಲ ಮಾರಾಯ?”

“ನೀವು ಚೇರ್ಮನ್ ಅಲ್ವಾ?”

“ಅದಕ್ಕೆ?”

“ಅದಕ್ಕೆ ಅಂದ್ರೆ! ಮಗಳ ನಾಮಕರಣಕ್ಕೆ ಇಡೀ ಅಡಿಗೆ ನೀವೇ ನಿಂತು ಮಾಡಿಸಿದ್ರಿ. ಖುದ್ದು ಅಂಗಡಿಗೆ ಬಂದು ಕೇಳಿದ್ರಿ. ನಿಮ್ಮ ಮೇಲೆ ಕೌನ್ಸಿಲ್‌ಗೆ ಬರೀಲಾ?”

“ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರ್ಲಿಕ್ಕೆ ಜಾಗ ಇಲ್ಲ ಅಂತ ಗಾದೆ ಕೇಳಿದ್ದೀಯಾ?”

“ಕೇಳಿದ್ದೀನಿ. ಜಾಗ ನೋಡ್ತಾ ಇದ್ದೀನಿ. ಟೂಂಗಾಬಿ ಕಡೆ ಒಂದು ಅಂಗಡಿ ಖಾಲಿ ಐತೆ.”

ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಭಾನುವಾರ ನಮ್ಮ ಬೀದಿಗೆ ಜನ ಬರುವುದು ಅವನ ಅಂಗಡಿಗೆ. ವಾರದ ಸಾಮಾನು ಕಾರಿಗೆ ತುಂಬಿ ಆಮೇಲೆ ನನ್ನಲ್ಲಿ ದೋಸೆ ತಿನ್ನುತ್ತಾರೆ, ಅದಾದ ಮೇಲೆ ಸೀರೆ ನೋಡುತ್ತಾರೆ. ಅವನು ಹೋದರೆ ಹೋಗುವುದು ಒಂದು ಅಂಗಡಿ ಮಾತ್ರವಲ್ಲ. ನನಗೇನೋ ಸ್ವಂತ ಕಟ್ಟಡ, ಮೆಲ್ಬರ್ನಿನ ಮುದುಕರ ಹಾಗೆ ಕೂತು ಕಾಯಬಹುದು. ಆದರೆ ಎದುರುಗಡೆ ಯಾರೂ ಇಲ್ಲದ ಬೀದಿಗೆ ಚೇರ್ಮನ್ ಆಗಿ ಏನು ಮಾಡಲಿ?

“ಇನ್ನೂ ದಿನ ಉಂಟು. ಇವತ್ತೇ ಬರಿ,” ಅಂದೆ.

“ನೋಡಣ ಅಣ್ಣ.”

ನೋಡಣ ಎಂದರೆ ಏನೆಂದು ಈಗ ಗೊತ್ತಾಗಿತ್ತು. ಅವನು ಬರೆಯುವವನಲ್ಲ. ಮನೆಗೆ ಹೋಗಿ ಮಗಳ ಕೈಯಲ್ಲಿ ನಾನೇ ಬರೆಸಿದೆ. ಕನ್ನಡದಲ್ಲಿ ಹೇಳಿದ್ದು ಅವಳಿಗೆ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷ್. ಅರ್ಧ ಟೈಪ್ ಮಾಡಿ, “ಪಪ್ಪಾ, ಯು ಆರ್ ದ ಚೇರ್ಮನ್,” ಅಂದಳು. “ಗೊತ್ತುಂಟು, ಬರಿ,” ಅಂದೆ.

ಮರುದಿನ ಅಧಿಕಾರಿಯ ಫೋನು. “ನೀವೇ ನಡೆಸುತ್ತಿರುವ ಯೋಜನೆಗೆ ನೀವೇ ತಕರಾರು ಕೊಟ್ಟಿದ್ದೀರಲ್ಲ?”

“ಹೌದು. ಬೀದಿ ಬೇಕು. ಹೀಗೆ ಬೇಡ.”

“ನಿಯಮದಲ್ಲಿ ಎರಡೇ ಇದೆ. ಬೇಕು, ಇಲ್ಲವೇ ಬೇಡ.”

“ಹಾಗಾದ್ರೆ ಬೇಡ ಅಂತ ಹಾಕಿ.”

ಅದಾದ ಮೇಲೆ ನಡೆದದ್ದನ್ನು ನಾನು ಎಣಿಸಿರಲಿಲ್ಲ. ಹೋಟೆಲಿನವರು ಬರೆದರಂತೆ ಎಂದು ಬಾಯಿಂದ ಬಾಯಿಗೆ ಹರಡಿ, ಕಡೆಯ ದಿನದೊಳಗೆ ಬೀದಿಯ ಮುಕ್ಕಾಲು ಪಾಲು ಜನ ಬೇಡವೆಂದು ಬರೆದುಬಿಟ್ಟರು. ಇಂಜಿನಿಯರ್ ಬರೆದ, ಸರಿ. ಹೊಸ ಬೀದಿಗಾಗಿ ಹಂಬಲಿಸುತ್ತಿದ್ದ ಸ್ವೀಟ್ಸ್ ಅಂಗಡಿಯವರೂ ಬರೆದರು. “ನಿಮಗೆ ಬೇಕಿತ್ತಲ್ಲಮ್ಮ?” ಎಂದು ಕೇಳಿದರೆ, “ನೀವೇ ಬರೆದ್ರಲ್ಲ ಅಂಕಲ್, ನಾನು ಬರೀದೆ ಇರೋಕಾಗುತ್ತಾ?” ಎಂದರು.

ಯೋಜನೆ ಸಾಯುವ ಸ್ಥಿತಿಗೆ ಬಂತು. ಹೆಂಡತಿ ತೆಂಗಿನಕಾಯಿ ತುರಿಯುತ್ತ ನಕ್ಕಳು. “ಮೊನ್ನೆ ನಿಮ್ಮ ದಾಕ್ಷಿಣ್ಯಕ್ಕೆ ಹೂಂ ಅಂದ್ರು, ಇವತ್ತು ನಿಮ್ಮ ದಾಕ್ಷಿಣ್ಯಕ್ಕೆ ಊಹೂಂ ಅಂತಿದ್ದಾರೆ. ಅವರಿಗೆ ಎಂತ ಬೇಕು ಅಂತ ಯಾರಿಗೂ ಇನ್ನೂ ಗೊತ್ತಾಗ್ಲಿಲ್ಲ.”

ಅವಳು ಹೇಳಿದ್ದು ಸತ್ಯ. ಆದರೆ ದಾರಿ ತೋಚದೆ ಕೂರುವ ಪೈಕಿ ನಾನಲ್ಲ. ಅಧಿಕಾರಿಗೆ ಫೋನ್ ಮಾಡಿ, ಯೋಜನೆಯನ್ನು ಮುಚ್ಚುವ ಮೊದಲು ತಿದ್ದಲು ಸ್ವಲ್ಪ ಅವಕಾಶ ಕೊಡಿ ಎಂದೆ. ಅವರು ಮೇಲಿನವರ ಹತ್ತಿರ ವಾದ ಮಾಡಿ ಅವಕಾಶ ತಂದರು. ಹೋಟೆಲಿಗೆ ರಜೆಯಿರುವ ಸೋಮವಾರ ಮಧ್ಯಾಹ್ನ ಎಲ್ಲರನ್ನೂ ನನ್ನಲ್ಲಿಗೇ ಕರೆದೆ. ಬೀದಿಯ ನಕ್ಷೆಯನ್ನು ನಾಲ್ಕು ಮೇಜು ಜೋಡಿಸಿ ಹಾಸಿದೆವು. ಬೇಕೋ ಬೇಡವೋ ಎಂದು ಯಾರನ್ನೂ ಕೇಳಲಿಲ್ಲ. ನಿನ್ನ ಸಾಮಾನಿನ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ? ಎಲ್ಲಿ ನಿಲ್ಲುತ್ತದೆ? ವರ್ಷದಲ್ಲಿ ಯಾವ ತಿಂಗಳು ಬಾಗಿಲು ಮುಚ್ಚಿದರೆ ಜೀವ ಹೋಗುತ್ತದೆ? ಇಂಥವನ್ನೇ ಕೇಳಿದೆ. ತನ್ನ ಕೆಲಸದ ಬಗ್ಗೆ ಕೇಳಿದರೆ ಅದರಲ್ಲಿ ಯಾರ ದಾಕ್ಷಿಣ್ಯ? ಮಾತು ಸುರಿಯಿತು. ಸೀರೆ ಅಂಗಡಿಯವರು ಎದ್ದುನಿಂತು, ದೀಪಾವಳಿಯ ತಿಂಗಳು ಬೇಲಿ ಹಾಕಿದರೆ ಅದರ ಮೇಲೇ ಸೀರೆ ಒಣಗಿಸುತ್ತೇನೆ ಎಂದು ಮೇಜು ಕುಟ್ಟಿದರು. ಅಧಿಕಾರಿ ಒಂದು ಕೈಯಲ್ಲಿ ಮಸಾಲೆ ದೋಸೆ ಹಿಡಿದು ಇನ್ನೊಂದರಲ್ಲಿ ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದರು. ನಾನು ಅವರಿಗೆ ಒಂದೇ ಮಾತು ಹೇಳಿದೆ: “ಏರುವ ತೆರಿಗೆಯನ್ನು ನೆಚ್ಚಿ ನೀವು ಸಾಲ ತೆಗೆಯುವವರು. ಈ ಅಂಗಡಿಗಳೇ ಹೋದ್ರೆ ಏರುದು ಯಾವುದು?”

ದಾರಿ ಹುಡುಕಿದ್ದು ಅವರೇ, ನಾನಲ್ಲ. ಬೀದಿಯನ್ನು ಪೂರ್ತಿ ಮುಚ್ಚದೆ ಒಂದು ಬದಿಯಾದ ಮೇಲೆ ಇನ್ನೊಂದು ಬದಿ. ದೀಪಾವಳಿಗೆ ಬೇಲಿ ಇಲ್ಲ. ಈಗಿನ ಬಾಡಿಗೆಯವರಿಗೆ ಹಳೆಯ ರೆಂಟಿನಲ್ಲೇ ಲೀಸ್ ಮುಂದುವರಿಸಿಕೊಡುವ ಮಾಲೀಕರ ಕಟ್ಟಡಗಳ ಮುಂದೆ ಮೊದಲು ಕೆಲಸ, ಉಳಿದವರದು ಎರಡೂ ಬದಿ ಮುಗಿದ ಮೇಲೆ. ಇಂಜಿನಿಯರನ ಓನರ್ ಹತ್ತಿರ ಅವನನ್ನು ಕರೆದುಕೊಂಡು ನಾನೇ ಹೋದೆ. ಕೊನೆಯವರೆಗೂ ತನ್ನ ಕಟ್ಟಡದ ಮುಂದೆ ಮಾತ್ರ ಹಳೆಯ ಕಾಂಕ್ರೀಟು ಉಳಿಯುತ್ತದೆ ಎಂದು ತಿಳಿದ ಮೇಲೆ ಆ ಮನುಷ್ಯ ಪೆನ್ನು ಹುಡುಕಿದ.

ತಕರಾರು ಹಿಂತೆಗೆದುಕೊಳ್ಳುವ ಮೊದಲಿನ ಕಡೆಯ ಸಭೆಯಲ್ಲಿ ಉಳಿದಿದ್ದು ಒಂದೇ ವಿಷಯ. ಸಾಮಾನು ಇಳಿಸುವ ಗಾಡಿ ನಿಲ್ಲಲು ಇಡೀ ಬೀದಿಗೆ ಒಂದೇ ಜಾಗ, ನಕ್ಷೆಯಲ್ಲಿ ಅದು ನನ್ನ ಹೋಟೆಲಿನ ಮುಂದಿತ್ತು. ಎಲ್ಲರಿಗೂ ಸರಿಯೇ ಎಂದು ಕೇಳಿದೆ. ಎಲ್ಲರೂ ತಲೆಯಾಡಿಸಿದರು.

“ಆಗಲ್ಲ ಅಣ್ಣ,” ಎಂದ ಇಂಜಿನಿಯರ್.

ಸೀರೆ ಅಂಗಡಿಯವರು ನೆಲ ನೋಡಿದರು.

“ನಿಮಗೆ ಗಾಡಿ ಬರೋದು ಬೆಳಿಗ್ಗೆ ಒಂದ್ಸಲ. ನನಗೆ ಇಡೀ ದಿನ. ಅದು ನನ್ನ ಕಡೆಗೇ ಬರ್ಬೇಕು.”

ಆ ಬೀದಿಯಲ್ಲಿ ನನ್ನ ಮುಖಕ್ಕೆ ಯಾರೂ ಹಾಗೆ ಹೇಳಿದ್ದಿಲ್ಲ. ಎಣ್ಣೆಯ ಡಬ್ಬಿ, ಹಾಲು, ತರಕಾರಿ ಎಂದು ನಾನೂ ವಾದಿಸಿದೆ. ಅವನು ಜಗ್ಗಲಿಲ್ಲ. ಕಡೆಗೆ ಅಧಿಕಾರಿ ಅವನ ಪರ ಇರುವವರ ಕೈ ಎತ್ತಿಸಿದರು. ಮೊದಲು ಒಂದು ಕೈ, ಅದರ ಹಿಂದೆ ಇನ್ನೊಂದು, ಸ್ವೀಟ್ಸ್ ಅಂಗಡಿಯವರದು ಭುಜದ ಮಟ್ಟದವರೆಗೆ ಮಾತ್ರ. ಆದರೂ ಎಣಿಕೆಗೆ ಬಂತು. ನಾನು ಸೋತೆ. ಅವನು ಉಳಿದ.

ಹೊರಗೆ ಬಂದಾಗ ಪಕ್ಕಕ್ಕೆ ಬಂದು, “ಬೇಜಾರಾ ಅಣ್ಣ?” ಎಂದ.

“ಉಂಟು. ಎಣ್ಣೆ ಡಬ್ಬಿ ನಿನ್ನ ಬಾಗಿಲಿಂದ ಇನ್ನು ಯಾರು ಹೊರುದು? ನಿನ್ನ ಅಜ್ಜನಾ?”

“ಟ್ರಾಲಿ ಕೊಡ್ತೀನಿ ಬಿಡಿ.”

ಈಗ ಅವನ ಬದಿಯ ಕೆಲಸ ಮುಗಿದು ನನ್ನ ಬದಿಗೆ ಬೇಲಿ ಬಂದಿದೆ. ಧೂಳು ನನ್ನ ಪಾಲು. ನನ್ನ ಸ್ವಂತ ಕಟ್ಟಡ, ತಡೆದುಕೊಳ್ಳುತ್ತದೆ. ದಿನಾ ಬೆಳಿಗ್ಗೆ ರಸ್ತೆ ದಾಟಿ ಹೋಗಿ ಅವನ ಟ್ರಾಲಿಯಲ್ಲಿ ನನ್ನ ಸಾಮಾನು ತಳ್ಳಿಕೊಂಡು ಬರುತ್ತೇನೆ. ಅದರ ಒಂದು ಚಕ್ರ ಸರಿಯಿಲ್ಲ, ಎಡಕ್ಕೆ ಎಳೆಯುತ್ತದೆ. ಹೊಸದು ತೆಗೆದುಕೊಳ್ಳೋ ಎಂದರೆ ಗಲ್ಲಾದಿಂದ ತಲೆಯೆತ್ತದೆ, “ಆಗಲ್ಲ ಅಣ್ಣ,” ಎನ್ನುತ್ತಾನೆ.