ಅವಳು ಬರೆಯದೆ ಬಿಟ್ಟ ಸಾಲು

ಟಕಟಕ, ಟಕ. ಗಿರಾಕಿ ಮಾತು ಮುಗಿಸಿದ ಕೂಡಲೇ ತಕ್ಕಡಿಯ ಹಿಂದಿನ ಮೂಲೆಯಿಂದ ಆ ಸದ್ದು ಬರುತ್ತಿತ್ತು. ನಮ್ಮ ಅಂಗಡಿಯಲ್ಲಿ ಸದ್ದಿಗೇನೂ ಬರವಿರಲಿಲ್ಲ. ಕಾಫಿ ಹುರಿಯುವ ಡ್ರಮ್ಮಿನ ಗರಗರ, ಗ್ರೈಂಡರಿನ ಅಬ್ಬರ, ಹೊರಗೆ ಕಳಸದ ಬಸ್ಸಿನ ಹಾರ್ನು. ಅಷ್ಟರ ನಡುವೆಯೂ ನನ್ನ ಕಿವಿ ಲ್ಯಾಪ್‌ಟಾಪಿನ ಆ ಸಣ್ಣ ಟಕಟಕವನ್ನೇ ಹೆಕ್ಕಿ ತೆಗೆಯುತ್ತಿತ್ತು. ಬಂದವರು ಅರ್ಧ ಕೆಜಿ ಕೊಡಿ ಅಂದರೆ ಮೂಲೆ ಸುಮ್ಮನಿರುತ್ತಿತ್ತು. ಏನಾದರೂ ಕೇಳಿದರೆ ಸಾಕು, ಶುರು. ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಳ್ಳುತ್ತಾರಲ್ಲ, ಹಾಗೆ.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದವಳು ಕಳಸದ ಜೀಪ್ ಗ್ಯಾರೇಜಿನ ಸಾಹೇಬರ ಮಗಳು. ನಮ್ಮ ಡ್ರಮ್ಮಿನ ಮೋಟಾರು ಕೈಕೊಟ್ಟಾಗೆಲ್ಲ ಮೂಡಿಗೆರೆವರೆಗೆ ಬಂದು ಸರಿಮಾಡಿ ಹೋಗುತ್ತಿದ್ದವರು ಆ ಸಾಹೇಬರೇ. ಮಗಳು ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಓದಿ ಬಂದಿದ್ದಾಳೆ, ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾಳೆ ಎಂದು ಹೇಳಿದವರೂ ಅವರೇ. ಅವಳು ತಾನೇ ಹಿಡಿದ ಮೊದಲ ಕೆಲಸ ನಮ್ಮದು. ಪೇಜಿನ ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ ಅವಳ ಹೆಸರು ಇರುತ್ತದಂತೆ. ಅದನ್ನು ನೋಡಿ ನಾಲ್ಕು ಜನ ಅವಳನ್ನು ಕರೆಯಬೇಕು. ಅವಳ ಮುಂದಿನ ದಾರಿಯೆಲ್ಲ ಆ ಸಣ್ಣ ಅಕ್ಷರದ ಮೇಲೆ ನಿಂತಿತ್ತು.

ನನಗೆ ವೆಬ್‌ಸೈಟ್ ಯಾಕೆ ಬೇಕಾಯಿತು ಎನ್ನುವುದನ್ನೂ ಹೇಳಬೇಕು. ಒಂದು ಭಾನುವಾರ ಅಂಗಡಿಯ ಎದುರಿಗೇ ಒಂದು ಕಾರು ನಿಂತಿತು. ಒಳಗಿದ್ದ ಹೆಂಗಸು ಗಾಜು ಇಳಿಸಿ, ಫೋನು ನೋಡುತ್ತಲೇ, ಇಲ್ಲಿ ಒಳ್ಳೆ ಕಾಫಿ ಪುಡಿ ಎಲ್ಲಿ ಸಿಗುತ್ತೆ ಅಮ್ಮ ಎಂದು ನನ್ನನ್ನೇ ಕೇಳಿದಳು. ನಾನು ನಮ್ಮ ಬೋರ್ಡಿನ ಕೆಳಗೆ ನಿಂತಿದ್ದೆ. ಮೂಗಿನ ತುಂಬ ಹುರಿದ ಕಾಫಿಯ ಘಮ. ನಾನು ಬಾಯಿ ತೆರೆಯುವ ಮೊದಲೇ ಅವಳ ಫೋನು ಬಸ್ ಸ್ಟ್ಯಾಂಡ್ ಹತ್ತಿರದ ಬೇರೆ ಅಂಗಡಿಯನ್ನು ತೋರಿಸಿತು, ಕಾರು ಹೋಯಿತು. ಮಾವನವರ ಕಾಲದಿಂದ ನಡೆದು ಬಂದ, ಯಜಮಾನರು ಹೋದ ಮೇಲೆ ನಾನೊಬ್ಬಳೇ ನಡೆಸಿಕೊಂಡು ಬಂದ ಅಂಗಡಿ, ಫೋನಿನ ಪಾಲಿಗೆ ಇರಲೇ ಇಲ್ಲ.

ಹಾಗಾಗಿ ಹುಡುಗಿಯನ್ನು ಕರೆಸಿದೆ. ಕರೆಸಿದ ಮೊದಲ ದಿನದಿಂದಲೇ ಅನುಮಾನ ಪಡತೊಡಗಿದೆ.

ಮೂರು ದಿನ ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತೇನೆ ಅಂದಳು. ವೆಬ್‌ಸೈಟ್ ಮಾಡುವವಳಿಗೆ ನನ್ನ ಗಿರಾಕಿಗಳ ಮಾತು ಯಾಕೆ? ಅವಳು ಚಾ ತರಲು ಹೋದಾಗ ಮೆಲ್ಲಗೆ ಬಗ್ಗಿ ನೋಡಿದೆ. ಕಾನ್ವೆಂಟಿನಲ್ಲಿ ಓದಿದವಳು ಇನ್ನೊಬ್ಬರ ಬರಹ ಕದ್ದು ನೋಡಬಾರದು. ಸಿಸ್ಟರ್ ಕಂಡಿದ್ದರೆ ಮೊಣಕಾಲೂರಿಸುತ್ತಿದ್ದರು. ಆದರೂ ನೋಡಿದೆ. ‘ಹಾಲು ಹಾಕಿದ್ರೂ ಕಪ್ಪಗೆ ನಿಲ್ಲೋ ಪುಡಿ ಇದೆಯಾ’, ‘ಹೊರನಾಡಿಂದ ವಾಪಸ್ ಬರುವಾಗ ಸಂಜೆ ತೆರೆದಿರುತ್ತಾ’, ‘ಫಿಲ್ಟರಿಗೆ ದಪ್ಪ ಪುಡಿ ಬೇಕು’. ಬಂದವರು ಆಡಿದ ಮಾತುಗಳೇ, ಅಕ್ಷರ ಬಿಡದೆ.

ಕೇಳಿದ್ದಕ್ಕೆ ಅವಳು ಹೇಳಿದ್ದಿಷ್ಟು: ಜನ ಬಾಯಲ್ಲಿ ಹೇಗೆ ಕೇಳುತ್ತಾರೋ ಫೋನಿನಲ್ಲೂ ಹಾಗೆಯೇ ಹುಡುಕುತ್ತಾರೆ. ಅವರ ಮಾತು ಪೇಜಿನಲ್ಲಿದ್ದರೆ ಸರ್ಚ್ ನಮ್ಮನ್ನು ಮೇಲೆ ತರುತ್ತದೆ. ನಾನು ನಂಬಲಿಲ್ಲ. ನಾನೇ ಒಂದು ಪ್ಯಾರಾಗ್ರಾಫ್ ಬರೆದಿಟ್ಟಿದ್ದೆ, ಒಳ್ಳೆಯ ಇಂಗ್ಲಿಷಿನಲ್ಲಿ, ಕರ್ಸಿವ್ ಹ್ಯಾಂಡ್‌ರೈಟಿಂಗಿನಲ್ಲಿ. ನೆಸಲ್ಡ್ ಅಮಾಂಗ್ ದಿ ಮಿಸ್ಟಿ ಹಿಲ್ಸ್, ಅಂದರೆ ಮಂಜು ಮುಸುಕಿದ ಗುಡ್ಡಗಳ ಮಡಿಲಲ್ಲಿ, ಎಂದು ಅದರ ಶುರು. ಸ್ಕೂಲಿನಲ್ಲಿ ಇಂಗ್ಲಿಷ್ ಭಾಷಣಕ್ಕೆ ಎಲೊಕ್ಯೂಷನ್ ಪ್ರೈಜ್ ತಗೊಂಡವಳು ನಾನು. ಅವಳು ಕೊನೆಯವರೆಗೂ ಮರ್ಯಾದೆಯಿಂದ ಓದಿದಳು.

“ಚಂದ ಇದೆ ಆಂಟಿ,” ಅಂದಳು. “ಆದ್ರೆ ಮಿಸ್ಟಿ ಅಂತ ಹುಡುಕ್ಕೊಂಡು ಯಾರೂ ಕಾಫಿ ಪುಡಿ ತಗೊಳ್ಳೋಕೆ ಬರಲ್ಲ.”

ಎರಡನೆಯ ಅನುಮಾನ ಓಟಿಪಿಯದ್ದು. ಮ್ಯಾಪಿನಲ್ಲಿ ಅಂಗಡಿ ಕಾಣಬೇಕಾದರೆ ನನ್ನ ಫೋನಿಗೆ ಬರುವ ನಂಬರನ್ನು ಅವಳಿಗೆ ಹೇಳಬೇಕಿತ್ತು. ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ವಾರಕ್ಕೆರಡು ಮೆಸೇಜು ಕಳಿಸುತ್ತಾರೆ. ನಾನು ಫೋನನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಆಮೇಲೆ ನೋಡೋಣ ಅಂದೆ. ಇದು ಬ್ಯಾಂಕಿನದಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಬಿಡಿಸಿ ಹೇಳಿದಷ್ಟೂ ನನಗೆ ಅನುಮಾನ ಗಟ್ಟಿಯಾಯಿತು. ಅವಳು ಕೋಪ ಮಾಡಿಕೊಳ್ಳಲಿಲ್ಲ. ಅಂಗಡಿಯ ಫೋಟೋಗಳನ್ನು ತೆಗೆದು, ಅವನ್ನು ಹಗುರ ಮಾಡುತ್ತಾ ಕೂತಳು. ಕೊಟ್ಟಿಗೆಹಾರ ದಾಟಿದ ಮೇಲೆ ಸಿಗ್ನಲ್ ಒಂದೇ ಕಡ್ಡಿ ಇರುತ್ತದೆ, ಅಷ್ಟರಲ್ಲೂ ಪೇಜು ತೆರೆಯಬೇಕು ಅಂದಳು.

ಮೂರನೆಯ ದಿನ ನಾನು ಔಷಧಿ ತರಲು ಹೋದವಳು, ಅವಳು ಬಸ್ ಸ್ಟ್ಯಾಂಡ್ ಹತ್ತಿರದ ಆ ಇನ್ನೊಂದು ಕಾಫಿ ಪುಡಿ ಅಂಗಡಿಯಿಂದ ಹೊರಗೆ ಬರುವುದನ್ನು ಕಂಡೆ. ಕೈಯಲ್ಲಿ ಅವರ ಪ್ಯಾಕೆಟ್ಟು. ನನಗೆ ಎಲ್ಲ ತಿಳಿದುಹೋಯಿತು ಅನ್ನಿಸಿತು. ಅವರು ಕಳಿಸಿದ ಹುಡುಗಿ ಇವಳು. ನನ್ನ ಗಿರಾಕಿಗಳು ಏನು ಕೇಳುತ್ತಾರೆ ಎಂದು ಅಲ್ಲಿಗೆ ಒಯ್ಯುತ್ತಿದ್ದಾಳೆ. ಮನೆಗೆ ಬಂದು ಸಾಹೇಬರಿಗೆ ಫೋನು ಮಾಡಬೇಕೆಂದು ನಂಬರು ಒತ್ತಿದೆ, ಒಂದು ರಿಂಗಾಗುವಷ್ಟರಲ್ಲಿ ಇಟ್ಟುಬಿಟ್ಟೆ.

ಯಾಕೆ ಇಟ್ಟೆ ಎಂದು ಈಗ ಬರೆಯಬಹುದು. ಅವಳ ಮೇಲೆ ನನಗಿದ್ದದ್ದು ಬರೀ ಅನುಮಾನ. ನನ್ನಲ್ಲಿ ಬಚ್ಚಿಡುವಂಥದ್ದು ನಿಜವಾಗಿಯೂ ಇತ್ತು.

ನಮ್ಮ ಬೋರ್ಡಿನ ಮೇಲೆ ‘ಶುದ್ಧ ಕಾಫಿ ಪುಡಿ’ ಎಂದಿತ್ತು. ಚಿಕೋರಿ ಬೆರೆಸುವುದು ತಪ್ಪೇನಲ್ಲ. ಎಷ್ಟೋ ಮನೆಗಳಲ್ಲಿ ಬೆರೆಸಿದ್ದೇ ಬೇಕು. ಬೆರೆಸಿ, ಬೆರೆಸಿಲ್ಲ ಅನ್ನುವುದು ತಪ್ಪು. ಕಾಫಿ ಬೀಜದ ಬೆಲೆ ಒಂದೇ ಸಮನೆ ಏರಿದ ವರ್ಷ, ಪುಡಿಯ ಬೆಲೆಯನ್ನು ಅಷ್ಟೇ ಏರಿಸಿದರೆ ಜನ ಬರುವುದಿಲ್ಲವೆಂದು ಹೆದರಿ, ಹುರಿಯುವ ಆಳು ಬರುವ ಮುಂಚೆ ಬೆಳಿಗ್ಗೆ ಎದ್ದು ನಾನೇ ಬೆರೆಸಿದೆ. ಮೊದಲು ಬಣ್ಣಕ್ಕಷ್ಟೇ ಅಂದುಕೊಂಡೆ. ಆಮೇಲೆ ನೂರಕ್ಕೆ ಹದಿನೈದು ಪಾಲಾಯಿತು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ. ಈ ಸಲ ಡಿಕಾಕ್ಷನ್ ಒಳ್ಳೆ ಗಟ್ಟಿ ಬರ್ತಿದೆ ಅಮ್ಮ ಎಂದು ಇಬ್ಬರು ಹೊಗಳಿಯೂ ಹೋದರು. ಆ ಹೊಗಳಿಕೆಯೇ ನನ್ನನ್ನು ಕೆಡಿಸಿತು.

ಮಾರನೆಯ ದಿನ ಹುಡುಗಿ ತನ್ನ ಪಟ್ಟಿ ತೋರಿಸಿದಳು. ಮೂರು ದಿನದಲ್ಲಿ ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಒಂದೇ, ಚಿಕೋರಿ ಇದೆಯಾ. ನಾನು ಪ್ರತಿಸಲವೂ ಬೋರ್ಡಿನ ಕಡೆ ಕೈ ತೋರಿಸಿದ್ದೆನಂತೆ. ಬಾಯಿಬಿಟ್ಟು ಇಲ್ಲ ಎಂದು ಒಂದು ಸಲವೂ ಹೇಳಿರಲಿಲ್ಲವಂತೆ. ಅದನ್ನೂ ಬರೆದುಕೊಂಡಿದ್ದಳು. ಪೇಜಿನ ಮೊದಲ ಸಾಲಿನಲ್ಲೇ ಈ ಪ್ರಶ್ನೆಗೆ ಉತ್ತರ ಇರಬೇಕು, ಅಂಥ ಪೇಜನ್ನು ಜನವೂ ನಂಬುತ್ತಾರೆ, ಸರ್ಚೂ ಮೇಲಿಡುತ್ತದೆ ಎಂದು ವಿವರಿಸಿದಳು.

“ಇಲ್ಲ ಅಂತ ಬರೀಲಾ ಆಂಟಿ?”

“ಬೋರ್ಡಲ್ಲಿ ಇದೆಯಲ್ಲ.”

“ಬೋರ್ಡಲ್ಲಿ ಇರೋದು ನೋಡ್ದೆ. ನೀವು ಹೇಳಿ.”

“ಬರಿ ಮಾರಾಯ್ತಿ,” ಅಂದೆ. “ಎಷ್ಟು ಸಲ ಕೇಳ್ತೀಯ.”

ಅವಳು ಬರೆಯಲಿಲ್ಲ. ಲ್ಯಾಪ್‌ಟಾಪ್ ಮಡಿಸಿ ಊಟಕ್ಕೆ ಎದ್ದಳು. ನಾನು ಒಳಕೋಣೆಗೆ ಹೋದರೆ ಕಿಟಕಿಯ ಕಟ್ಟೆಯ ಮೇಲೆ ಎರಡು ಗಾಜಿನ ಲೋಟ, ಎರಡರಲ್ಲೂ ತಣ್ಣೀರು. ಒಂದರ ಪಕ್ಕ ಆ ಇನ್ನೊಂದು ಅಂಗಡಿಯ ಪ್ಯಾಕೆಟ್ಟು, ಮತ್ತೊಂದರ ಪಕ್ಕ ನಮ್ಮದು. ನಮ್ಮ ಕಡೆಯಲ್ಲಿ ಈ ಪರೀಕ್ಷೆ ಯಾರಿಗೆ ಗೊತ್ತಿಲ್ಲ? ಕಾಫಿ ಪುಡಿ ನೀರಿನ ಮೇಲೆ ತೇಲುತ್ತದೆ, ಚಿಕೋರಿ ಕಂದು ಎಳೆ ಬಿಡುತ್ತಾ ತಳಕ್ಕಿಳಿಯುತ್ತದೆ. ಎರಡು ಲೋಟದಲ್ಲೂ ಎಳೆ ಇಳಿದಿತ್ತು. ಅವರ ಪ್ಯಾಕೆಟ್ಟಿನ ಮೇಲೆ ಚಿಕೋರಿ ಎಷ್ಟು ಪಾಲು ಎಂದು ಅಚ್ಚಾಗಿತ್ತು. ನಮ್ಮದರ ಮೇಲೆ ಶುದ್ಧ ಎಂದಿತ್ತು.

ತಿರುಗಿ ನೋಡಿದರೆ ಅವಳು ಬಾಗಿಲಲ್ಲೇ ನಿಂತಿದ್ದಳು. ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಹೌ ಡೇರ್ ಯು ಎಂದು ಕಾನ್ವೆಂಟಿನ ಇಂಗ್ಲಿಷೇ ಬಾಯಿಗೆ ಬಂತು. ನನ್ನ ಅಂಗಡಿಯೊಳಗೆ ಕೂತು ನನ್ನನ್ನೇ ಪರೀಕ್ಷೆ ಮಾಡುತ್ತೀಯಾ, ಆ ಅಂಗಡಿಯವರು ನಿನಗೆ ಎಷ್ಟು ಕೊಟ್ಟರು ಎಂದೆಲ್ಲ ಕೇಳಿದೆ. ಅವಳು ಲೋಟಗಳನ್ನು ತೊಳೆದು ಬೋರಲಿಟ್ಟಳು. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಯಾರೂ ಏನೂ ಕೊಟ್ಟಿಲ್ಲ ಆಂಟಿ. ಪೇಜಿನ ಕೆಳಗೆ ನನ್ ಹೆಸರಿರುತ್ತೆ. ಸುಳ್ಳಂತ ಒಬ್ರು ಬರೆದ್ರೂ ಈ ಕಡೆ ಇನ್ಯಾರೂ ನನ್ನ ಕರೆಯಲ್ಲ.”

ಅಂದು ಸಂಜೆಯೊಳಗೆ ಅವಳು ಉಳಿದದ್ದನ್ನೆಲ್ಲ ಮುಗಿಸಿದಳು. ಅಂಗಡಿ ತೆರೆಯುವ ಹೊತ್ತು, ಬಸ್ಸಿನಲ್ಲಿ ಬಂದರೆ ಎಲ್ಲಿ ಇಳಿಯಬೇಕು, ಫಿಲ್ಟರಿಗೆ ಯಾವ ಪುಡಿ, ಎಲ್ಲವೂ ಜನರ ಮಾತಿನಲ್ಲೇ. ಮೊದಲ ಸಾಲನ್ನು ಮಾತ್ರ ಖಾಲಿ ಬಿಟ್ಟಳು. ಅಂಗಡಿಯ ಲೆಕ್ಕದ ಕಂಪ್ಯೂಟರಿನಲ್ಲಿ ಪೇಜು ತೆರೆದು, ಆ ಜಾಗದಲ್ಲಿ ಟೈಪ್ ಮಾಡುವುದು ಹೇಗೆ, ಪಬ್ಲಿಷ್ ಎಲ್ಲಿ ಒತ್ತಬೇಕು ಎಂದು ನನ್ನ ಪಕ್ಕ ಕೂತು ಎರಡು ಸಲ ಕಲಿಸಿದಳು. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟು, ಇನ್ನು ಇದು ನಿಮ್ಮದು, ಈಗಲೇ ಬದಲಾಯಿಸಿಕೊಳ್ಳಿ ಅಂದಳು. ಬ್ಯಾಗು ಹೆಗಲಿಗೇರಿಸಿದ ಮೇಲೆ ಒಂದೇ ಮಾತು ಹೇಳಿದಳು.

“ಶುದ್ಧ ಅಂತ್ಲೇ ಹಾಕೋದಾದ್ರೆ ಕೆಳಗಿಂದ ನನ್ ಹೆಸರು ತೆಗೀರಿ ಆಂಟಿ. ದುಡ್ಡು ಬೇಡ.”

ಆಮೇಲಿನ ಒಂದು ವಾರ ನಾನು ಬೇರೇನೂ ಮಾಡಲಿಲ್ಲ, ಸುದ್ದಿಗಾಗಿ ಕಾದೆ. ಇವಳು ಹೇಳದೆ ಇರುವುದಿಲ್ಲ. ಅಪ್ಪನಿಗೆ ಹೇಳಿರುತ್ತಾಳೆ, ಅಪ್ಪ ಗ್ಯಾರೇಜಿಗೆ ಬರುವ ಜೀಪಿನವರಿಗೆ, ಜೀಪಿನವರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರುಗಳಿಗೆ. ಕಳಸದಲ್ಲಿ ಆಡಿದ ಮಾತು ಮೂಡಿಗೆರೆಗೆ ಬರಲು ಎಷ್ಟು ಹೊತ್ತು ಬೇಕು? ಯಾರಾದರೂ ಪುಡಿಯನ್ನು ಮೂಸಿ ನೋಡಿದರೆ ಬೇಗ ಬೇಗ ಪ್ಯಾಕೆಟ್ಟು ಕಟ್ಟಿ ಕೈಗಿಡುತ್ತಿದ್ದೆ. ಪ್ರತಿ ತಿಂಗಳು ಬರುವ ಒಬ್ಬರು ಬರುವುದು ಎರಡು ದಿನ ತಡವಾಗಿದ್ದಕ್ಕೆ, ಇವರಿಗೂ ಗೊತ್ತಾಯಿತು ಅಂದುಕೊಂಡೆ. ಅವರಿಗೆ ಜ್ವರ ಬಂದಿತ್ತು. ಮೋಟಾರಿನ ಬೆಲ್ಟು ಸಡಿಲವಾಗಿ ಸಾಹೇಬರು ಬಂದರು. ಅವರ ಮುಖವನ್ನೇ ನೋಡುತ್ತಿದ್ದೆ. ಎಂದಿನ ಹಾಗೆ ಬಿಗಿದುಕೊಟ್ಟು, ಮಗಳ ಕೆಲಸ ಹೇಗಿದೆ, ಮನೆಯಲ್ಲಿ ಕೇಳಿದರೆ ಏನೂ ಹೇಳುವುದಿಲ್ಲ ಎಂದು ನನ್ನನ್ನೇ ವಿಚಾರಿಸಿದರು.

ಒಂದು ಮಾತೂ ಹೊರಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ ನನಗೆ ಸುಲಭವಿತ್ತು. ಸುಳ್ಳು, ಆ ಅಂಗಡಿಯವರು ಕಟ್ಟಿದ ಕತೆ ಎಂದು ಹೇಳಿ ಜಗಳವಾಡುತ್ತಿದ್ದೆ. ಅವಳು ಸುಮ್ಮನಿದ್ದದ್ದರಿಂದ ನನಗೆ ಜಗಳವಾಡಲು ಯಾರೂ ಸಿಗಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಚಿಕೋರಿಯ ಡಬ್ಬಿ ತೆರೆಯಲಿಲ್ಲ. ಕಂಪ್ಯೂಟರ್ ತೆರೆದೆ. ಒಂದೊಂದೇ ಬೆರಳಿನಿಂದ ಒತ್ತಿದೆ: ‘ಚಿಕೋರಿ ಇದೆಯಾ? ಬೆರೆಸಿದ ಪುಡಿಯಲ್ಲಿ ನೂರಕ್ಕೆ ಹದಿನೈದು ಪಾಲು ಇದೆ. ಇಷ್ಟು ದಿನ ಹೇಳಿರಲಿಲ್ಲ. ಬೆರೆಸದ ಪುಡಿ ಬೇರೆ ಇದೆ, ಬೆಲೆ ಹೆಚ್ಚು.’ ನಡುವಿನ ವಾಕ್ಯವನ್ನು ಎರಡು ಸಲ ಅಳಿಸಿದೆ, ಎರಡು ಸಲ ಮತ್ತೆ ಬರೆದೆ. ಪಬ್ಲಿಷ್ ಒತ್ತಿದೆ. ಆಮೇಲೆ ಅವಳಿಗೆ ಫೋನು ಮಾಡಿ, ಆ ಮ್ಯಾಪಿನದು ಈಗ ಕಳಿಸು ಅಂದೆ. ನಂಬರು ಬಂತು. ಆರು ಅಂಕಿಯನ್ನೂ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಥ್ಯಾಂಕ್ಯೂ ಆಂಟಿ ಅಂದಳು. ಫೋನಿಟ್ಟ ಮೇಲೆ ಬ್ಯಾಂಕಿನ ಬ್ಯಾಲೆನ್ಸ್ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಅದೇ ಸಾಲನ್ನು ಕಾಗದದಲ್ಲಿ ಬರೆದು ತಕ್ಕಡಿಯ ಪಕ್ಕದಲ್ಲೂ ಅಂಟಿಸಿದೆ, ಬೋರ್ಡಿನ ‘ಶುದ್ಧ’ದ ಮೇಲೆ ಬಣ್ಣ ಬಳಿಸಿದೆ. ಮಾವನವರ ಕಾಲದಿಂದ ಬರುತ್ತಿದ್ದ ಒಬ್ಬ ರಿಟೈರ್ಡ್ ಮೇಷ್ಟರು ಕನ್ನಡಕ ಏರಿಸಿ ಅದನ್ನು ಪೂರ್ತಿ ಓದಿದರು. ನಾನು ಪುಡಿ ತೂಗಿ ಕೈಯಲ್ಲಿ ಹಿಡಿದಿದ್ದೆ. ಬಟ್ಟೆಯ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಮತ್ತೆ ಬಂದಿಲ್ಲ. ಇನ್ನೂ ಕೆಲವರು ಬಿಟ್ಟರು. ಫೋನು ತೋರಿಸಿತು ಎಂದು ಹೊಸಬರು ಬರುತ್ತಾರೆ, ನೂರಕ್ಕೆ ಹದಿನೈದರದ್ದೇ ಕೊಡಿ ಎಂದು ನೇರವಾಗಿ ಕೇಳುತ್ತಾರೆ. ಹೋದವರ ಜಾಗ ಅದರಿಂದ ತುಂಬಿತು ಎಂದು ನಾನು ಹೇಳಲಾರೆ.

ಅವಳನ್ನು ಕೊನೆಯ ಸಲ ನೋಡಿದ್ದು ಮಳೆ ಬಿಟ್ಟ ಮೇಲೆ. ನಾನು ಹೊರನಾಡಿಗೆ ಹೊರಟಿದ್ದ ಬಸ್ಸು ಕಳಸದಲ್ಲಿ ಹತ್ತು ನಿಮಿಷ ನಿಂತಿತು. ಇಳಿದು ಗ್ಯಾರೇಜಿಗೆ ಹೋದೆ, ಬೆರೆಸದ ಪುಡಿಯ ಒಂದು ಪ್ಯಾಕೆಟ್ಟು ಕೊಡಬೇಕೆಂದು, ಅಂದು ಆಡಿದ ಮಾತಿಗೆ ಸಾರಿ ಹೇಳಬೇಕೆಂದು. ಸಾಹೇಬರು ಜೀಪಿನ ಅಡಿಯಲ್ಲಿದ್ದರು. ಅವಳ ಎದುರಿಗೆ ಲಾಡ್ಜಿನ ಯಜಮಾನರೊಬ್ಬರು ಕಾಲ ಮೇಲೆ ಕಾಲು ಹಾಕಿ ಕೂತು, ತಮ್ಮ ಎಲ್ಲ ರೂಮಿನಲ್ಲೂ ದಿನವಿಡೀ ಬಿಸಿನೀರು ಬರುತ್ತದೆ ಎಂದು ಬರೆಸುತ್ತಿದ್ದರು. ಅವಳು ನನ್ನನ್ನು ಕಂಡು, ಕೂತ್ಕೊಳ್ಳಿ ಎನ್ನುವಂತೆ ಗದ್ದ ಆಡಿಸಿ, ಅವರ ಕಡೆಗೇ ತಿರುಗಿದಳು.

“ನಾಳೆ ಬರ್ತೀನಿ ಸಾರ್. ಎರಡು ರೂಮಿನ ನಲ್ಲಿ ತಿರುಗಿಸಿ ನೋಡ್ತೀನಿ, ಆಮೇಲೆ ಬರೀತೀನಿ.”

ಅವರು ಕಾಲು ಕೆಳಗಿಳಿಸಿದರು. ಯಾಕಮ್ಮ, ನನ್ನ ಮೇಲೆ ನಂಬಿಕೆ ಇಲ್ವಾ ಅಂದರು. ಅಷ್ಟರಲ್ಲಿ ಕಂಡಕ್ಟರು ಕೂಗಿದ. ಪ್ಯಾಕೆಟ್ಟನ್ನು ಸ್ಪ್ಯಾನರುಗಳ ಪಕ್ಕದಲ್ಲಿಟ್ಟು ಬಸ್ಸಿಗೆ ಓಡಿದೆ. ಕಿಟಕಿಯಿಂದ ನೋಡಿದಾಗ ಅವಳು ಬೆರಳುಗಳನ್ನು ಕೀಗಳ ಮೇಲೆ ಎತ್ತಿ ಹಿಡಿದು, ಅವರು ಹೂಂ ಅನ್ನುವುದನ್ನೇ ಕಾಯುತ್ತಿದ್ದಳು.