ಚಿತೆಯೇರುವ ಸೊಸೆಯ ಪಾರ್ಟು

ನಾಗಮಂಗಲಕ್ಕೆ ಬಂದ ಮೊದಲ ವಾರವೇ ನಾನು ಹೆಸರೂ ಗೊತ್ತಿಲ್ಲದ ಗಂಡಸೊಬ್ಬನ ಹೆಣದ ಮೇಲೆ ಬಿದ್ದು ಎದೆ ಬಡಿದುಕೊಂಡು ಅತ್ತೆ. ಪರದೆ ಬಿದ್ದ ಮೇಲೆ ಹೆಣ ಎದ್ದು ಕೂತು, "ಚೆನ್ನಾಗ್ ಅತ್ತೆ ಕಣಕ್ಕ. ನಾನು ನಿಜ್ವಾಗ್ಲೂ ಸತ್ರೂ ನಮ್ಮನೇವ್ಳು ಇಂಗೆ ಅಳಾಕಿಲ್ಲ" ಎಂದಿತು. ಆಮೇಲೆ ಆ ಮನುಷ್ಯ ಕಿರೀಟ ಕಳಚಿಟ್ಟು, ಮುಖದ ಬಣ್ಣವನ್ನೂ ಪೂರ್ತಿ ಒರೆಸದೆ, ಹಾಲು ಕರೆಯಲು ಹೊತ್ತಾಯಿತೆಂದು ಬೈಕ್ ಹತ್ತಿ ಹೊರಟುಹೋದ.

ಗದಗ ಸೀಮೆಯ ನಮ್ಮ ಜನಕ್ಕೆ ಇದು ವಿಚಿತ್ರವೆನಿಸಬಹುದು. ನಮ್ಮ ಕಂಪನಿ ನಾಟಕಗಳಲ್ಲಿ ನನ್ನ ಗಂಡನಾಗಿ ಸಾಯುತ್ತಿದ್ದವನು ನಮ್ಮ ಜೊತೆಗೇ ರೊಟ್ಟಿ ತಿನ್ನುವವನು, ಒಂದೇ ಲಾರಿಯಲ್ಲಿ ಊರಿಂದೂರಿಗೆ ಬರುವವನು. ಇಲ್ಲಿ ಕಂಪನಿಯಿಲ್ಲ. ಊರಿನ ಗಂಡಸರೇ ಸೇರಿಕೊಂಡು ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಪಾರ್ಟು ಕಲಿಯುತ್ತಾರೆ. ಪಾರ್ಟು ಎಂದರೆ ಪಾತ್ರ. ರಾಜ, ಮಂತ್ರಿ, ಸೇನಾಪತಿ ಎಲ್ಲರೂ ಊರಿನವರೇ. ಹೆಣ್ಣು ಪಾರ್ಟಿಗೆ ಮಾತ್ರ ಊರ ಹೆಣ್ಣುಮಕ್ಕಳು ಬಣ್ಣ ಹಚ್ಚುವಂತಿಲ್ಲ. ಅದಕ್ಕೆ ನನ್ನಂಥವರನ್ನು ಹೊರಗಿನಿಂದ ಕರೆಸುತ್ತಾರೆ. ನಮ್ಮ ಕಂಪನಿ ನಿಂತುಹೋದ ವರ್ಷ, ಮೊದಲೇ ಈ ಕಡೆ ಬಂದು ಪಾರ್ಟು ಮಾಡುತ್ತಿದ್ದ ಗೆಳತಿಯೊಬ್ಬಳ ಮಾತು ನಂಬಿ ಬಂದವಳು ನಾನು.

ಮನೆ ಸಿಗುವುದೇ ಕಷ್ಟವಾಯಿತು. "ನಾಟ್ಕದೋರಾ?" ಎಂದು ಕೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ರಂಗದ ಮೇಲೆ ನನ್ನನ್ನು ಮಹಾಸತಿ ಎಂದು ಕೈಮುಗಿದವರ ಮನೆಯಲ್ಲೇ ಹಾಗಾಯಿತು. ಕೊನೆಗೆ ನಾಟಕದ ತಂಡ ಕಟ್ಟಿದ್ದ ಶಿವಣ್ಣ ತನ್ನ ತಾಯಿ ಜಯಮ್ಮನಿಗೆ ಹೇಳಿ, ಮಹಡಿಯ ಕೋಣೆ ಕೊಡಿಸಿದ. ಶಿವಣ್ಣ ರಾಜನ ಪಾರ್ಟು ಮಾಡುವವನು. ಹಸು ಸಾಕಿಕೊಂಡು, ರಾಗಿ, ತೆಂಗು ನೋಡಿಕೊಂಡು ಇದ್ದ. ಮರ್ಯಾದಸ್ಥ. ನನ್ನನ್ನು ಒಂದು ದಿನವೂ ಹಗುರವಾಗಿ ಮಾತಾಡಿಸಲಿಲ್ಲ.

ಕನ್ನಡದ ನೆಲಕ್ಕೇ ಬಂದರೂ ಕನ್ನಡ ಮತ್ತೆ ಕಲಿಯಬೇಕಾಯಿತು. ಒಂದು ಮಧ್ಯಾಹ್ನ ಕೆಳಗಿನಿಂದ ಜಯಮ್ಮ, "ಗಿರಿಜವ್ವ, ಅಕ್ಕಿ ಬಂದ್ಬುಟ್ಟವೆ, ಓಡ್ಸು" ಎಂದು ಕೂಗಿದರು. ಅಕ್ಕಿಯನ್ನು ಓಡಿಸುವುದು ಹೇಗೆಂದು ನಾನು ನಿಂತಿದ್ದಾಗ, ಕೆಳಗಿನ ಮನೆಯ ಸವಿತ ನಗುತ್ತಾ ಮೆಟ್ಟಿಲು ಹತ್ತಿ ಬಂದು, ಒಣಹಾಕಿದ್ದ ರಾಗಿಯ ಮೇಲೆ ಕುಳಿತಿದ್ದ ಹಕ್ಕಿಗಳನ್ನು ಹಾರಿಸಿದಳು. ನಾನು ಎಲ್ಲರ ಹೆಸರಿಗೂ 'ರೀ' ಹಚ್ಚುವುದು ಅವರಿಗೆ ತಮಾಷೆ. ನಮ್ಮಲ್ಲಿ ಅದು ಎಲ್ಲರಿಗೂ ಕೊಡುವ ಗೌರವ, ಇಲ್ಲಿ ಹೆಂಗಸರು ಗಂಡನನ್ನು ಕರೆಯುವ ಮಾತು. ಮುದ್ದೆಯನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವುದನ್ನು ಕಲಿಸಿದವಳೂ ಸವಿತಳೇ. ಮೊದಲ ಸಲ ಪೂರ್ತಿ ಮುದ್ದೆ ಉಂಡೆದ್ದ ದಿನ, "ಇನ್ನು ನೀವು ನಮ್ಮೋರೇ ಕಣಕ್ಕ" ಎಂದಳು.

ಸವಿತ ಜಯಮ್ಮನ ಕಿರಿಯ ಸೊಸೆ. ಶಿವಣ್ಣನ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವಳಿಗೆ ಇನ್ನೂ ಮೂವತ್ತಾಗಿರಲಿಲ್ಲ. ಮಕ್ಕಳಿರಲಿಲ್ಲ. ಕೊಟ್ಟಿಗೆ, ಅಡುಗೆಮನೆ, ಡೇರಿ ಮೂರೇ ಅವಳ ಊರು. ಕೆಲಸ ಮುಗಿದರೆ ಮಹಡಿಗೆ ಬಂದು, ನಾನು ಮಾತು ಬಾಯಿಪಾಠ ಮಾಡುವುದನ್ನು ಕೇಳುತ್ತ ಕೂರುವಳು.

ಆಗ ನಾನು ಕಲಿಯುತ್ತಿದ್ದುದು ಮೇಷ್ಟ್ರೇ ಬರೆದ ದುಃಖಾಂತ ನಾಟಕ. ಮುದಿ ರಾಜ ಮಗನನ್ನು ಯುದ್ಧಕ್ಕೆ ಕಳಿಸುತ್ತಾನೆ. ಮಗ ಸಾಯುತ್ತಾನೆ. ಸೊಸೆ ಚಿತೆಯೇರುತ್ತಾಳೆ. ರಾಜ ಬೇಡವೆಂದು ಅಂಗಲಾಚಿದರೂ ಕೇಳುವುದಿಲ್ಲ. ಸೊಸೆಯ ಪಾರ್ಟು ನನ್ನದು.

"ಅಕ್ಕ, ಅವ್ಳು ಅದ್ಯಾಕೆ ಬೆಂಕಿಗೆ ಬೀಳ್ಬೇಕು?" ಎಂದು ಸವಿತ ಒಂದು ದಿನ ಕೇಳಿದಳು. "ಮಾವನೇ ಬದ್ಕು ಅಂತಾವ್ನಲ್ಲ."

"ಆಕಿ ಬದುಕಿದ್ರ ನಾಟಕ ಮುಗಿಯಂಗಿಲ್ಲವಾ" ಎಂದು ನಾನು ನಕ್ಕೆ.

ಅವಳು ನಗಲಿಲ್ಲ. "ಮುಗೀದಿದ್ರೆ ಇನ್ನೊಂದೆಲ್ಡು ಸೀನು ಆಗ್ಲಿ ಬುಡಿ" ಎಂದಳು.

ಕೆಲವು ದಿನಗಳ ನಂತರ ಅವಳು ತನ್ನ ವಿಷಯ ಹೇಳಿದಳು. ಡೇರಿಯ ಹಾಲಿನ ವ್ಯಾನು ಓಡಿಸುವ ಪಾಂಡವಪುರದ ಕಡೆಯ ಒಬ್ಬನಿದ್ದ. ಅವನೂ ಹೆಂಡತಿಯನ್ನು ಕಳೆದುಕೊಂಡವನು. ಮದುವೆಯಾಗೋಣ ಎಂದು ಕೇಳಿದ್ದ. ಸವಿತಳಿಗೂ ಮನಸ್ಸಿತ್ತು. "ಬಾವ ನಿಮ್ಮಾತು ಕೇಳ್ತಾರೆ ಅಕ್ಕ. ನೀವೇ ಒಂದ್ಮಾತು ಯೋಳಿ" ಎಂದಳು.

ನನಗೆ ಧೈರ್ಯವಿರಲಿಲ್ಲ. ಆದರೆ ಶಿವಣ್ಣ ತಾಲೀಮಿನಲ್ಲಿ ಅಳುತ್ತಿದ್ದ ರೀತಿ ನೋಡಿ ನಂಬಿಕೆ ಬಂದಿತ್ತು. ಸೊಸೆಯ ಕೈ ಹಿಡಿದು 'ನೀನು ಬಾಳಬೇಕು' ಎನ್ನುವಾಗ ಅವನು ಮುಂದಿನ ಮಾತನ್ನೇ ಮರೆತುಬಿಡುತ್ತಿದ್ದ. ತಾಲೀಮು ಮುಗಿದ ಸಂಜೆ ಹೇಳಿಯೇಬಿಟ್ಟೆ. "ಶಿವಣ್ಣಾರ, ಸವಿತಾಂದು ಸಣ್ಣ ವಯಸ್ಸೈತ್ರಿ. ಹಾಲಿನ ವ್ಯಾನಿನಾಂವನ ಜೋಡಿ ಬಾಳ್ವೆ ಮಾಡ್ತೀನಿ ಅಂತಾಳ. ಮಾಡ್ಲಿ ಬಿಡ್ರಿ."

ಅವನು ಸಿಟ್ಟಾಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದ: "ನಾಟ್ಕ ಬ್ಯಾರೆ, ಮನೆ ಬ್ಯಾರೆ ಕಣಕ್ಕ. ನಮ್ಮನೆ ಸೊಸೆ ಇನ್ನೊಬ್ನ ಮನೆಗೋದ್ಲು ಅಂದ್ರೆ ನಾಳಿಕೆ ನನ್ ಮಗ್ಳುನ್ನ ಯಾರು ಕೇಳ್ಕೊಂಡು ಬತ್ತಾರೆ? ಊರೂರು ತಿರ್ಗೋ ನಿಮ್ಗೆ ಇದು ಗೊತ್ತಾಗಾಕಿಲ್ಲ."

ನಾನು ಬಾಯಿ ಬಿಟ್ಟದ್ದರಿಂದ ಆದದ್ದು ಇಷ್ಟೇ. ಸವಿತಳ ಫೋನು ಜಯಮ್ಮನ ಸೆರಗಿನ ಗಂಟಿಗೆ ಸೇರಿತು. ಡೇರಿಗೆ ಹಾಲು ಹಾಕಲು ಬೇರೆಯವರು ಹೋಗತೊಡಗಿದರು. ನಾಟಕದ ದಿನ ಬೆಳಿಗ್ಗೆ ಮಾಕವಳ್ಳಿ ಕಡೆಯಿಂದ ಅವಳ ಅಣ್ಣಂದಿರು ಬಂದು ಕಾರಿನಲ್ಲಿ ಕರೆದುಕೊಂಡು ಹೋದರು. ನಾನು ಮಹಡಿಯ ಮೇಲೆ ಪೆಟ್ಟಿಗೆಗೆ ಸೀರೆ ತುಂಬುತ್ತಿದ್ದೆ. ಸವಿತ ಒಮ್ಮೆ ತಲೆಯೆತ್ತಿ ನೋಡಿದಳು. ಕೆಳಗಿಳಿದು ಹೋಗಬೇಕೆನ್ನಿಸಿತು. ಹೋಗಿ ಏನು ಹೇಳಲಿ? ಜಯಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರೂ ತಡೆಯಲಿಲ್ಲ.

ಅವತ್ತೇ ನಾಟಕ. ಹಗಲು ಆಟ, ರಂಗಮಂದಿರ ತುಂಬಿತ್ತು. ಕೊನೆಯ ದೃಶ್ಯದಲ್ಲಿ ಶಿವಣ್ಣ ಕಿರೀಟ ಕೆಳಗಿಟ್ಟು ನನ್ನ ಮುಂದೆ ಮಂಡಿಯೂರಿದ. "ಬೇಡ ಮಗಳೇ, ನೀನು ಬಾಳಬೇಕು. ಈ ಮುದುಕನ ಕಣ್ಣೆದುರು ನೀನು ಬಾಳಬೇಕು" ಎಂದು ಬಿಕ್ಕಿದ. ಕಣ್ಣೀರು ನಿಜದ್ದೇ. ಮುಂದಿನ ಸಾಲಿನಲ್ಲಿ ಜಯಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು.

ನನ್ನ ಮಾತು ನನಗೆ ಬರಲಿಲ್ಲ. ಮರೆತಿರಲಿಲ್ಲ, ಬಾಯಿಗೆ ಬರಲಿಲ್ಲ. 'ಆಗಲಿ ಮಾವ, ಬಾಳುತ್ತೇನೆ' ಎಂದುಬಿಡಬೇಕೆನ್ನಿಸಿತು. ಮೇಷ್ಟ್ರು ಹಾರ್ಮೋನಿಯಂನಲ್ಲಿ ಅದೇ ಸ್ವರವನ್ನು ಮತ್ತೆ ಮತ್ತೆ ನುಡಿಸಿದರು. ಜನ ನನ್ನನ್ನೇ ನೋಡುತ್ತಿದ್ದರು. ಮಂಡಿಯೂರಿದ್ದ ಶಿವಣ್ಣ ಅಳುವನ್ನು ನಿಲ್ಲಿಸದೆಯೇ ಮೆಲ್ಲಗೆ, "ಯೋಳಕ್ಕ, ಬೆಂಕಿಗೆ ಬೀಳ್ತೀನಿ ಅಂತ ಯೋಳು" ಎಂದ.

ಹೇಳಿದೆ. "ಪತಿಯಿಲ್ಲದ ಅರಮನೆ ನನಗೆ ಅರಣ್ಯ, ಮಾವ. ಅಗ್ನಿಯೇ ನನಗೆ ತವರು" ಎಂದು ಚಿತೆಯ ಕಡೆ ನಡೆದೆ. ಚಪ್ಪಾಳೆ ನಿಲ್ಲಲೇ ಇಲ್ಲ. ಒಬ್ಬ ಅಜ್ಜಿ ಬಂದು ನನ್ನ ಕಾಲು ಮುಟ್ಟಿ ಹೋದಳು.

ನಾನು ಆ ಮನೆ ಬಿಟ್ಟೆನೆಂದು ನೀವು ಅಂದುಕೊಂಡಿರಬಹುದು. ಬಿಡಲಿಲ್ಲ. ಇನ್ನೊಂದು ಮನೆ ಯಾರು ಕೊಡುತ್ತಾರೆ? ಶಿವಣ್ಣ ಈಗಲೂ ಗೌರವದಿಂದಲೇ ಮಾತಾಡಿಸುತ್ತಾನೆ. ನಾನೂ ಮಾತಾಡುತ್ತೇನೆ. ಶ್ರೀರಂಗಪಟ್ಟಣದಿಂದ ಕಿಕ್ಕೇರಿಯವರೆಗೆ ಎಲ್ಲೆಲ್ಲೋ ಅದೇ ಪಾರ್ಟು ಮಾಡಿದ್ದೇನೆ. ವ್ಯಾನಿನವನಿಗೆ ಬೇರೆ ಕಡೆ ಮದುವೆಯಾಯಿತು.

ಹೋದ ಸಲ ಗದಗಿನ ಕಡೆ ನಮ್ಮೂರಿಗೆ ಹೋದಾಗ, "ನಿನ್ನ ಮಾತು ಪೂರಾ ಮೈಸೂರ್ ಕಡೀದಾಗೈತಿ" ಎಂದು ನನ್ನ ಅಕ್ಕ ಆಡಿಕೊಂಡಳು. ತನ್ನ ಮಗಳನ್ನು ನೋಡಲು ಗಂಡಿನವರು ಬರುವ ದಿನ, "ನೀ ಸ್ವಲ್ಪ ಹಿತ್ತಲದಾಗ ಇರು, ಏನೂ ಅನ್ಕೋಬ್ಯಾಡ" ಎಂದಳು. ಅವರು ಹೋಗುವವರೆಗೂ ಹಿತ್ತಲಲ್ಲೇ ಇದ್ದೆ.

ಮೊನ್ನೆ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸವಿತ ಸಿಕ್ಕಳು. ಕಪ್ಪಾಗಿದ್ದಳು, ಕೈಯೆಲ್ಲ ಕಬ್ಬಿನ ಗರಿ ಗೀರಿದ ಗೆರೆಗಳು. ಅಣ್ಣಂದಿರ ಗದ್ದೆಯಲ್ಲಿ ಕೆಲಸವಂತೆ. ನನ್ನನ್ನು ಬಯ್ಯುತ್ತಾಳೆಂದುಕೊಂಡೆ. ಬಯ್ಯಲಿಲ್ಲ. ನನ್ನ ಕೈ ಹಿಡಿದು, "ಅಕ್ಕ, ನನ್ನ ನಿಮ್ಮೂರ್ಗೆ ಕರ್ಕೊಂಡೋಗಿ. ಅಲ್ಲಿ ನನ್ನ ಯಾರೂ ಕೇಳಾಕಿಲ್ಲ ಅಲ್ವಾ?" ಎಂದಳು.

ಯಾವ ಊರು ಎಂದು ಹೇಳಲಿ? "ನಮ್ಮೂರಾಗೂ ನನ್ನ ಹಿತ್ತಲದಾಗ..." ಎಂದು ಶುರುಮಾಡಿದೆ. ಅಷ್ಟರಲ್ಲಿ ನಾಗಮಂಗಲದ ಬಸ್ಸು ಬಂತು. ಸವಿತ ನನ್ನ ಬ್ಯಾಗನ್ನು ಕಿಟಕಿಯಿಂದ ಒಳಗೆ ಹಾಕಿ ಸೀಟು ಹಿಡಿದುಕೊಟ್ಟಳು. ಹತ್ತಿ ಕುಳಿತೆ. ಬಸ್ಸು ಹೊರಡುವವರೆಗೂ ಅವಳು ಕಿಟಕಿಯ ಕಂಬಿ ಬಿಡಲಿಲ್ಲ.