ಒತ್ತಡ ತರಬೇತಿಗೆ ಅರ್ಧ ಹಾಜರಿ

ಗೆಳೆಯರೇ, ಇವತ್ತು ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಒತ್ತಡ ಕಡಿಮೆ ಮಾಡುವ ತರಬೇತಿ ಇತ್ತು. ಕಣ್ಣು ಮುಚ್ಚಿ ಕುಳಿತಿದ್ದಾಗಲೇ ಫೋನು ಬಂತು. ಅಕ್ಕಿಆಲೂರಿನ ಹತ್ತಿರ ಹುಲ್ಲಿನ ಬಣವೆಗೆ ಬೆಂಕಿ, ಪಕ್ಕದಲ್ಲೇ ಎಮ್ಮೆಗಳ ಕೊಟ್ಟಿಗೆ. ನಾವೆಲ್ಲ ಎದ್ದೆವು.

"ಕುಂದರ್ರಿ, ಇನ್ನ ಐದ ನಿಮಿಷ. ನಡುವ ಎದ್ರ ಮನಸ್ಸಿಗೆ ಒತ್ತಡ ಆಕ್ಕೇತಿ," ಎಂದರು ತರಬೇತಿ ಕೊಡುತ್ತಿದ್ದ ಮೇಡಂ.

"ಅಲ್ಲಿ ಎಮ್ಮಿ ಕಟ್ಟಿದಲ್ಲೇ ಸುಡ್ತಾವ್ರಿ!" ಎನ್ನುತ್ತ ಚಾಲಕ ಬಸಣ್ಣ ಗಾಡಿಯ ಕಡೆ ಓಡಿದ. ಹಿಂದೆಯೇ ನಾವೂ ಓಡಿದೆವು.

ಬಣವೆ ಉಳಿಯಲಿಲ್ಲ. ಹಗ್ಗ ಕೊಯ್ದು ನಾಲ್ಕೂ ಎಮ್ಮೆಗಳನ್ನು ಹೊರಗೆ ಎಳೆದೆವು. ಆ ಮನೆಯ ಅಜ್ಜಿ ನನ್ನ ಕೈ ಹಿಡಿದು ಅತ್ತೇಬಿಟ್ಟರು.

ಮಸಿ ಮೆತ್ತಿದ ಮುಖದಲ್ಲೇ ಠಾಣೆಗೆ ಮರಳಿದರೆ ಮೇಡಂ ಹಾಜರಿ ಪುಸ್ತಕ ತೋರಿಸಿದರು. "ಅರ್ಧಕ್ಕ ಎದ್ದು ಹೋದೋರಿಗೆ ಸರ್ಟಿಫಿಕೇಟ್ ಇಲ್ರಿ. ಸೋಮವಾರ ಮತ್ತ ಕುಂದರ್ರಿ."

ಸೋಮವಾರ ಹತ್ತರಿಂದ ಒಂದರವರೆಗೆ ಬೆಂಕಿ ಬಿದ್ದರೆ ದಯವಿಟ್ಟು ಸ್ವಲ್ಪ ತಾಳಿಕೊಳ್ಳಿ. ನಾವು ಶಾಂತವಾಗಿರುವುದನ್ನು ಕಲಿಯುತ್ತಿರುತ್ತೇವೆ.